ಗಾಡಿಯನ್ನ ಮೆಕ್ಯಾನಿಕ್ ನೋಡ್ತಾನೆ, ಒಳಗಿನ ಮನೆಯನ್ನ ಯಾರು ನೋಡೋದು?

ದಸರಾ ರಜೆ, ಬೇಸಿಗೆ ರಜೆ ಬಂತೆಂದರೆ ನಮ್ಮ ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಒಂದಲ್ಲ ಒಂದು ಬೀದಿಯಲ್ಲಿ ವ್ಯಾನ್ ನಿಲ್ಲಿಸಿಕೊಂಡು ಸಾಮಾನು ತುಂಬುತ್ತಿರುತ್ತಾರೆ. ಧರ್ಮಸ್ಥಳ, ಮಂತ್ರಾಲಯ, ಶ್ರೀಶೈಲ, ಶಿರಡಿ... ಊರು ಯಾವುದಾದರೂ ತುಂಬೋ ಸಾಮಾನು ಮಾತ್ರ ಅದೇ. ಚಾಪೆ, ಹೊದಿಕೆ, ನೀರಿನ ಕ್ಯಾನು, ಕುಕ್ಕರ್, ಒಲೆ, ಅಕ್ಕಿ ಚೀಲ, ಅಜ್ಜಿಯ ಮಾತ್ರೆ ಡಬ್ಬಿ, ಮಗುವಿನ ತೊಟ್ಟಿಲ ಬಟ್ಟೆ. ವಿದೇಶದಲ್ಲಿ ಇಂಥ ಗಾಡಿಗೆ ಮೋಟಾರ್‌ಹೋಮ್ ಅಂತಾರೆ, ನಮ್ಮ ಪ್ರವಾಸೋದ್ಯಮದವರು ಕ್ಯಾರವಾನ್ ಅಂತಾರೆ. ನಮಗೆ ಅದು ಟಿಟಿ, ಇಲ್ಲವೇ ಓಮ್ನಿ. ಹೆಸರು ಏನೇ ಇರಲಿ, ನಾಲ್ಕು ದಿನ ಅದರಲ್ಲೇ ಉಂಡು ಅದರಲ್ಲೇ ಮಲಗಿದರೆ ಅದು ಮನೆಯೇ.

ನಾಯಕನಹಟ್ಟಿ ಜಾತ್ರೆಗೆ ಕಮಾನು ಗಾಡಿ ಕಟ್ಟಿಕೊಂಡು ಹೋಗುತ್ತಿದ್ದ ಹಿರಿಯರನ್ನು ಕೇಳಿ ನೋಡಿ. ಹೊರಡುವ ಮುಂಚೆ ಅಚ್ಚಿಗೆ ಕೀಲೆಣ್ಣೆ ಹಾಕೋದು, ಕಡಾಣಿ ಗಟ್ಟಿ ಐತಾ ಅಂತ ನೋಡೋದು, ಎತ್ತಿಗೆ ಲಾಳ ಕಟ್ಟಿಸೋದು ಗಂಡಸರ ಪಾಲು. ಒಳಗೆ ಹುಲ್ಲು ಹರಡಿ ಜಮಖಾನ ಹಾಸೋದು, ಬುತ್ತಿ ಕಟ್ಟೋದು, ಲಾಟೀನು ಎಲ್ಲಿ ತೂಗುಹಾಕಿದರೆ ಹುಲ್ಲಿಗೆ ತಾಗಲ್ಲ ಅಂತ ಯೋಚಿಸೋದು ಹೆಂಗಸರ ಪಾಲು. ಗಾಡಿಯನ್ನೂ ನೋಡೋರಿದ್ದರು, ಒಳಗಿನ ಮನೆಯನ್ನೂ ನೋಡೋರಿದ್ದರು. ಈಗ ಕೇಳಿದರೆ ಒಂದೇ ಉತ್ತರ: "ಮೆಕ್ಯಾನಿಕ್ ನೋಡ್ಯಾನೆ ಬಿಡಕ್ಕಾ, ಗಾಡಿ ಕಂಡೀಷನ್ ಐತೆ." ಅವನು ನೋಡಿರೋದು ಎಂಜಿನ್ನು. ನಾವು ಮಲಗೋ ಜಾಗವನ್ನು ಅವನು ನೋಡಲ್ಲ. ಅದು ನಮ್ಮ ಕೆಲಸ.

ಮೊದಲು ಗಾಡಿ: ಹದಿನೈದು ದಿನ ಮುಂಚೆ

ನಮ್ಮ ಮನೆಯವರೂ ಮೈದುನನೂ ಸೇರಿ ಹಳೆಯದೊಂದು ಟ್ರಾವೆಲರ್ ತಗೊಂಡಿದ್ದಾರೆ. ವರ್ಷದಲ್ಲಿ ಹೆಚ್ಚು ದಿನ ಅದು ನಿಂತೇ ಇರುತ್ತದೆ. ಓಡಿದ ಗಾಡಿಗಿಂತ ನಿಂತ ಗಾಡಿ ಬೇಗ ಕೆಡುತ್ತದೆ. ಬ್ಯಾಟರಿ ಇಳಿಯುತ್ತೆ, ಟೈರು ಒಂದೇ ಕಡೆ ಒತ್ತಿಕೊಂಡು ಬಿರುಕು ಬಿಡುತ್ತೆ, ಬಾನೆಟ್ಟಿನೊಳಗೆ ಇಲಿ ಸಂಸಾರ ಹೂಡುತ್ತೆ. ಅದಕ್ಕೇ ಎರಡು ವಾರಕ್ಕೊಮ್ಮೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿಕೊಂಡು ಬರಬೇಕು. ಬರೀ ಸ್ಟಾರ್ಟ್ ಮಾಡಿ ಐದು ನಿಮಿಷ ನಿಲ್ಲಿಸಿದರೆ ಬ್ಯಾಟರಿ ತುಂಬಲ್ಲ.

ಗ್ಯಾರೇಜಿಗೆ ಕಳಿಸುವಾಗ "ಸರ್ವೀಸ್ ಮಾಡಿ" ಅಂತ ಬಿಟ್ಟುಬಿಡಬೇಡಿ, ಒಂದು ಚೀಟಿ ಬರೆದುಕೊಡಿ. ಎಂಜಿನ್ ಆಯಿಲ್, ಕೂಲೆಂಟ್, ಫ್ಯಾನ್ ಬೆಲ್ಟ್, ಬ್ರೇಕ್ ಪ್ಯಾಡ್, ಡೀಸೆಲ್ ಫಿಲ್ಟರಿನಲ್ಲಿ ನಿಂತ ನೀರು, ವೈಪರ್, ಎಲ್ಲಾ ಲೈಟು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಗಾಡಿ ಓಡದಿದ್ದರೂ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಹಳೇ ಬ್ರೇಕ್ ಆಯಿಲ್ ಇಟ್ಟುಕೊಂಡು ಚಾರ್ಮಾಡಿ ಇಳಿದರೆ, ಬಿಸಿಯೇರಿ ಬ್ರೇಕ್ ಪೆಡಲ್ ಮೆತ್ತಗಾಗುವ ಅಪಾಯ ಇದೆ.

ಟೈರಿನ ವಯಸ್ಸು ನೀವೇ ನೋಡಬಹುದು. ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಅಂತಿದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಹಲ್ಲು ಎಷ್ಟೇ ಚೆನ್ನಾಗಿದ್ದರೂ ಐದಾರು ವರ್ಷ ದಾಟಿದ ಟೈರನ್ನು ಟೈರ್ ಅಂಗಡಿಯವರಿಗೆ ತೋರಿಸದೆ ದೂರದ ದಾರಿಗೆ ಒಯ್ಯಬೇಡಿ. ಬೇಸಿಗೆಯ ಮಧ್ಯಾಹ್ನ ಹಿರಿಯೂರಿನ ಹೆದ್ದಾರಿ ಹೆಂಚಿನಂತೆ ಕಾದಿರುತ್ತದೆ, ಮುದಿ ಟೈರು ತಡೆಯಲ್ಲ. ಗಾಳಿ ಒತ್ತಡ ಬೆಳಿಗ್ಗೆ ಟೈರು ತಣ್ಣಗಿದ್ದಾಗಲೇ ನೋಡಿಸಿ. ಸ್ಟೆಪ್ನಿಯನ್ನು ಮರೆಯಬೇಡಿ.

ಈಗ ಮನೆ: ಗಾಳಿ

2024ರ ಡಿಸೆಂಬರಿನಲ್ಲಿ ಕೇರಳದ ವಡಕರ ಹತ್ತಿರ ಹೆದ್ದಾರಿ ಪಕ್ಕ ನಿಂತಿದ್ದ ಒಂದು ಕ್ಯಾರವಾನಿನಲ್ಲಿ ಇಬ್ಬರು ಸತ್ತು ಬಿದ್ದಿದ್ದರು. ಅಪಘಾತ ಆಗಿರಲಿಲ್ಲ, ಗಾಯ ಇರಲಿಲ್ಲ. ಎಸಿಗೆಂದು ಹಾಕಿದ್ದ ಜನರೇಟರಿನ ಹೊಗೆಯಲ್ಲಿದ್ದ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರಿತ್ತು ಎಂದು ಆಮೇಲೆ ಪರೀಕ್ಷೆ ಮಾಡಿದ ತಜ್ಞರು ಹೇಳಿದರು. ಗಾಡಿ ಕೆಟ್ಟಿರಲಿಲ್ಲ ನೋಡಿ. ಯಾವ ಮೆಕ್ಯಾನಿಕ್ ಕೇಳಿದರೂ "ಕಂಡೀಷನ್ ಐತೆ" ಅಂತಲೇ ಹೇಳುತ್ತಿದ್ದ.

ಈ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮೊದಲು ತಲೆನೋವು, ಆಮೇಲೆ ವಾಕರಿಕೆ, ಮಂಪರು. ಪ್ರಯಾಣದ ಸುಸ್ತು ಅಂದುಕೊಂಡು ಮಲಗಿದವರು ಮತ್ತೆ ಏಳಲ್ಲ. ಮಕ್ಕಳಿಗೂ ವಯಸ್ಸಾದವರಿಗೂ ಬೇಗ ತಗಲುತ್ತದೆ. ನಮ್ಮ ಗಾಡಿಯಲ್ಲಿ 76 ವರ್ಷದ ಅತ್ತೆ, 4 ವರ್ಷದ ಮೊಮ್ಮಗಳು ಅಕ್ಕಪಕ್ಕ ಮಲಗುತ್ತಾರೆ. ಅದಕ್ಕೇ ನಮ್ಮಲ್ಲಿ ಮೂರು ಕಟ್ಟುನಿಟ್ಟು: ಎಂಜಿನ್ ಓಡಿಸಿಕೊಂಡು ಎಸಿ ಹಾಕಿ ಯಾರೂ ಮಲಗೋ ಹಾಗಿಲ್ಲ. ಚಳಿ ಅಂತ ಕೆಂಡದ ಬಾಂಡ್ಲಿ ಒಳಗೆ ತರೋ ಹಾಗಿಲ್ಲ. ಎಷ್ಟೇ ಸೊಳ್ಳೆ ಇರಲಿ, ಎದುರುಬದುರು ಎರಡು ಕಿಟಕಿ ನಾಲ್ಕು ಬೆರಳು ತೆರೆದೇ ಇರಬೇಕು, ಕಿಟಕಿಗೆ ಸೊಳ್ಳೆಪರದೆ ಬಟ್ಟೆ ಕಟ್ಟಿದರಾಯಿತು. ಬ್ಯಾಟರಿ ಹಾಕುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಸಿಗುತ್ತದೆ. ಮಲಗುವ ಗಾಡಿ ಇಟ್ಟುಕೊಂಡವರು ಒಂದು ತರಿಸಿಕೊಳ್ಳಿ. ಸೈಲೆನ್ಸರ್ ಪೈಪು ತೂತಾಗಿದೆಯಾ, ನೆಲದ ತಗಡು ತುಕ್ಕು ತಿಂದಿದೆಯಾ ಅಂತ ಗ್ಯಾರೇಜಿನಲ್ಲಿ ಕೆಳಗಿಂದ ನೋಡಿಸಿ.

ಗ್ಯಾಸು

2023ರ ಆಗಸ್ಟ್ 26ರಂದು ಮದುರೈ ನಿಲ್ದಾಣದಲ್ಲಿ ನಿಂತಿದ್ದ ಯಾತ್ರಿಕರ ರೈಲು ಬೋಗಿಗೆ ಬೆಂಕಿ ಬಿದ್ದು 9 ಜನ ಸತ್ತರು. ಕದ್ದುಮುಚ್ಚಿ ತಂದಿದ್ದ ಸಿಲಿಂಡರಿನಲ್ಲಿ ಬೆಳಗಿನ ಜಾವ ಕಾಫಿ ಕಾಯಿಸಲು ಹೋಗಿ ಆದ ಅನಾಹುತ. ಲಖನೌದಿಂದ ದೇವರ ದರ್ಶನಕ್ಕೆ ಬಂದವರು, ನಮ್ಮಂಥವರೇ.

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗಲ್ಲ, ನೆಲದಲ್ಲೇ, ನಾವು ಚಾಪೆ ಹಾಸೋ ಮಟ್ಟದಲ್ಲೇ ಹರಡಿಕೊಳ್ಳುತ್ತದೆ. ಜನ ಕೂತ ಗಾಡಿಯೊಳಗೆ ಸಿಲಿಂಡರ್ ಇಡದಿರೋದೇ ಸರಿ. "ಅಯ್ಯೋ, ಊಟಕ್ಕೆ ಏನ್ ಮಾಡೋದು?" ಅಂತೀರಾ? ಧರ್ಮಸ್ಥಳ, ಶೃಂಗೇರಿ, ಹೊರನಾಡಿನಲ್ಲಿ ಪ್ರಸಾದದ ಊಟ ಇದೆ. ದಾರಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಹುಣಸೆ ಗೊಜ್ಜಿನ ಅವಲಕ್ಕಿ, ಬೇಯಿಸಿದ ಕಡಲೆಕಾಯಿ ಇದ್ದರೆ ಎರಡು ಹೊತ್ತು ಕಳೆಯಿತು. ಅತ್ತೆಗೆ ಬೆಳಿಗ್ಗೆದ್ದ ತಕ್ಷಣ ಬಿಸಿನೀರು ಬೇಕು, ರಾತ್ರಿಯೇ ಹೋಟೆಲಿನಲ್ಲಿ ದೊಡ್ಡ ಫ್ಲಾಸ್ಕಿಗೆ ತುಂಬಿಸಿಕೊಳ್ಳುತ್ತೇವೆ.

ಅಡುಗೆಗೆಂದೇ ಕಾನೂನು ಪ್ರಕಾರ ಕಟ್ಟಿಸಿದ ಕ್ಯಾರವಾನ್ ಇದ್ದವರು ರಬ್ಬರ್ ಪೈಪಿನ ಮೇಲಿನ ಇಸವಿ ನೋಡಿ, ಐದು ವರ್ಷಕ್ಕೆ ಬದಲಿಸಿ. ಜೋಡಣೆಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಎದ್ದರೆ ಸೋರಿಕೆ. ಗಾಡಿ ಚಲಿಸುವಾಗ ರೆಗ್ಯುಲೇಟರ್ ಬಂದ್ ಇರಲಿ. ಇದ್ದ ಟಿಟಿಯನ್ನೇ ಕೊಯ್ದು ಅಡುಗೆಮನೆ ಮಾಡಿಸುತ್ತೇನೆ ಅನ್ನೋರು ಮೊದಲು ಆರ್‌ಟಿಒ ಕಚೇರಿಗೆ ಹೋಗಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಮನಸ್ಸಿಗೆ ಬಂದಂತೆ ಗಾಡಿಯ ರಚನೆ ಬದಲಿಸುವಂತಿಲ್ಲ. ವಿಮೆಯವರೂ ಪರಿಹಾರ ಕೊಡುವಾಗ ಅದನ್ನೇ ಮುಂದಿಟ್ಟಾರು.

ಭಾರ

ಒಂದು ಲೀಟರ್ ನೀರು ಒಂದು ಕೆಜಿ. 20 ಲೀಟರಿನ ಮೂರು ಕ್ಯಾನ್ ಅಂದರೆ 60 ಕೆಜಿ, ಒಬ್ಬ ಆಳು ಹೆಚ್ಚಿಗೆ ಕೂತ ಹಾಗೆ. ಒಂದು ಕ್ಯಾನ್ ಸಾಕು, ದಾರಿಯಲ್ಲಿ ತುಂಬಿಸಿಕೊಳ್ಳಿ. ಭಾರದ್ದೆಲ್ಲ ಕೆಳಗೆ, ಎರಡು ಚಕ್ರಗಳ ನಡುವೆ ಇರಲಿ. ಟಾಪ್ ಮೇಲೆ ಬಟ್ಟೆ, ಹಾಸಿಗೆಯಂಥ ಹಗುರದ್ದು ಮಾತ್ರ. ಮೇಲೆ ಭಾರ ಹೇರಿದ ಗಾಡಿ ಘಾಟಿ ತಿರುವಿನಲ್ಲಿ ವಾಲುತ್ತದೆ. ಕುಕ್ಕರ್, ಇಡ್ಲಿ ಪಾತ್ರೆ ಸೀಟಿನ ಹಿಂದೆ ಹಾಗೇ ಇಡಬೇಡಿ, ಬ್ರೇಕ್ ಹಾಕಿದಾಗ ಅದೇ ಹಾರಿ ಬಂದು ಮುಂದಿನವರ ತಲೆಗೆ ಬಡಿಯುತ್ತದೆ. ಬಾಗಿಲ ಮುಂದೆ, ಹಿಂದಿನ ತುರ್ತು ಬಾಗಿಲ ಮುಂದೆ ಒಂದು ಚೀಲವೂ ಬೇಡ. ಬೆಂಕಿ ನಂದಿಸುವ ಸಿಲಿಂಡರು ಡ್ರೈವರ್ ಪಕ್ಕದಲ್ಲೇ ಕೈಗೆ ಸಿಗಲಿ, ಅದರ ಮುಳ್ಳು ಹಸಿರಿನಲ್ಲಿರಲಿ.

ಹೊರಡುವ ದಿನ, ಬಂದ ದಿನ

ಆರ್‌ಸಿ, ವಿಮೆ, ಹೊಗೆ ತಪಾಸಣೆ ಪತ್ರ, ಲೈಸೆನ್ಸ್ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ. ಬಾಡಿಗೆ ಗಾಡಿಯಾದರೆ ಎಫ್‌ಸಿ, ಪಕ್ಕದ ರಾಜ್ಯದ ಪರ್ಮಿಟ್ ಮುಂಚೆಯೇ ಕೇಳಿ. ಎಲ್ಲರ ಮಾತ್ರೆಗಳ ಪಟ್ಟಿ ಒಂದು ಹಾಳೆಯಲ್ಲಿ ಬರೆದು ಅದೇ ಕವರಿಗೆ ಹಾಕಿ, ಗುರುತಿಲ್ಲದ ಊರಿನ ವೈದ್ಯರಿಗೆ ಅದು ಬೇಕಾಗುತ್ತದೆ. ಹೊರಡುವಾಗ ಗಾಡಿ ಸುತ್ತ ಒಂದು ಸುತ್ತು ನಡೆಯಿರಿ: ನೆಲದಲ್ಲಿ ಎಣ್ಣೆ ತೊಟ್ಟಿಕ್ಕಿದೆಯಾ, ಟೈರು ಕುಗ್ಗಿದೆಯಾ, ಕಟ್ಟಿದ ಹಗ್ಗ ಸಡಿಲವಾ. ಘಾಟಿ ಇಳಿಯುವಾಗ ಹತ್ತಲು ಯಾವ ಗೇರ್ ಬೇಕೋ ಅದೇ ಗೇರ್. ರಾತ್ರಿ ಹೆದ್ದಾರಿ ಅಂಚಿನಲ್ಲಿ ನಿಲ್ಲಿಸಿ ಮಲಗಬೇಡಿ. ದೇವಸ್ಥಾನದ ಪಾರ್ಕಿಂಗ್, ಛತ್ರದ ಅಂಗಳ, ಬೆಳಕಿರುವ ಪೆಟ್ರೋಲ್ ಬಂಕ್ ನೋಡಿಕೊಳ್ಳಿ. ಡ್ರೈವರಿಗೆ ಮೊದಲು ಊಟ, ಮೊದಲು ಹಾಸಿಗೆ. ಅವನ ನಿದ್ದೆಯೂ ಗಾಡಿಯ ಮೇಂಟೆನೆನ್ಸೇ.

ವಾಪಸ್ ಬಂದ ದಿನ ಎಲ್ಲರಿಗೂ ಸುಸ್ತು, ನಿಜ. ಆದರೂ ಆವತ್ತೇ ಒಂದು ಕಾಳೂ ಬಿಡದಂತೆ ಗುಡಿಸಿ, ಇಲಿ ಬರೋದು ಅದಕ್ಕೇ. ನೀರಿನ ಕ್ಯಾನ್ ಬರಿದು ಮಾಡಿ ಬೋರಲು ಹಾಕಿ, ಚಾಪೆ ಬಿಸಿಲಿಗೆ ಹರಡಿ. ದಾರಿಯಲ್ಲಿ ಬಂದ ಸದ್ದು, ಎಳೆತ, ವಾಸನೆ ನೆನಪಿರುವಾಗಲೇ ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿನಲ್ಲಿಡಿ. ಮುಂದಿನ ಸಲ ಗ್ಯಾರೇಜಿಗೆ ಕೊಡುವ ಪಟ್ಟಿ ಅದೇ.

ಈ ರಜೆಗೆ ಗಾಡಿ ಗೊತ್ತು ಮಾಡುವವರು ಬಾಡಿಗೆ ಎಷ್ಟು ಅನ್ನೋದರ ಜೊತೆಗೆ ಇನ್ನೂ ಮೂರು ಕೇಳಿ: ಟೈರಿನ ಇಸವಿ ಯಾವುದು, ತುರ್ತು ಬಾಗಿಲು ತೆಗೆಯೋಕೆ ಬರುತ್ತಾ, ಡ್ರೈವರ್ ನಿನ್ನೆ ರಾತ್ರಿ ಮಲಗಿದ್ದನಾ? ಉತ್ತರ ಕೊಡಲು ತಡವರಿಸಿದರೆ ಬೇರೆ ಗಾಡಿ ನೋಡಿ.