ಚೀಲ ಹೋಯ್ತು, ಸಂಡಾಸ್ ಎಲ್ಲಿದೆ ಸ್ವಾಮಿ?

ವಿಷಯ ಸ್ವಲ್ಪ ಹೊಲಸು ಅನ್ನಿಸಬಹುದು. ಊಟ ಮಾಡ್ತಾ ಓದೋರು ಊಟ ಮುಗಿಸಿ ಬನ್ನಿ. ಇವತ್ತು ಬರೀತಿರೋದು ಕರುಳು, ಮಲ, ಸಂಡಾಸ್ ಈ ಮೂರರ ಬಗ್ಗೆ. ಇವನ್ನ ಬಾಯಿಬಿಟ್ಟು ಹೇಳೋಕೆ ನಾಚಿಕೊಂಡೇ ನಮ್ಮ ಜನ ಒಳಗೊಳಗೇ ನರಳ್ತಿದಾರೆ. ನನ್ನ ತಕರಾರು ಅದೇ.

ನಾನು ತಿಕೋಟಾದವನು. ವಿಜಯಪುರದಲ್ಲಿ, ಸಿದ್ಧೇಶ್ವರ ಗುಡಿಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಒಬ್ಬ ಒಣದ್ರಾಕ್ಷಿ ವ್ಯಾಪಾರಿಯ ಹತ್ತಿರ ಲೆಕ್ಕ ಬರೆಯುತ್ತೇನೆ. 2024ರಲ್ಲಿ ಒಂದು ರಾತ್ರಿ ಹೊಟ್ಟೆ ಡೊಳ್ಳಿನ ಹಾಗೆ ಉಬ್ಬಿತು. ದೊಡ್ಡ ಕರುಳಿನ ಕೊನೆಗೆ ಸಿಗ್ಮಾಯ್ಡ್ ಅಂತ ಒಂದು ಭಾಗ ಇದೆ. ಅದು ಹಗ್ಗದ ಹಾಗೆ ತಿರುಚಿಕೊಂಡು, ರಕ್ತದ ಓಡಾಟ ನಿಂತು ಕಪ್ಪಾಗಿತ್ತು. ವಾಲ್ವುಲಸ್ ಅಂತ ಇದರ ಹೆಸರು. ಪಶ್ಚಿಮದ ದೇಶಗಳಿಗಿಂತ ನಮ್ಮ ದೇಶದಲ್ಲೇ ಇದು ಹೆಚ್ಚು. ಕೆಟ್ಟ ಭಾಗ ಕತ್ತರಿಸಿ, ಮೇಲಿನ ತುದಿಯನ್ನ ಹೊಟ್ಟೆಯ ಎಡಗಡೆ ಹೊರಗೆ ತಂದು ಚೀಲ ಅಂಟಿಸಿದರು. ಕೆಳಗಿನ ತುದಿಯನ್ನ ಹೊಲಿದು ಒಳಗೇ ಬಿಟ್ಟರು. ಅದೇ ಕೊಲೊಸ್ಟಮಿ. ಫ್ರಾನ್ಸಿನ ಸರ್ಜನ್ ಹಾರ್ಟ್‌ಮನ್ 1921ರಲ್ಲಿ ವಿವರಿಸಿದ ವಿಧಾನ ಇದು. ನೂರು ವರ್ಷದಿಂದ ಜೀವ ಉಳಿಸ್ತಾ ಬಂದಿದೆ, ನನ್ನದನ್ನೂ ಉಳಿಸಿತು. ಕೆಲವು ತಿಂಗಳು ಬಿಟ್ಟು ಎರಡೂ ತುದಿಗಳನ್ನ ಮತ್ತೆ ಜೋಡಿಸಿದರು. ಇದಕ್ಕೆ ರಿವರ್ಸಲ್ ಅಂತಾರೆ. ಅದಾಗಿ ಈಗ ವರ್ಷ ದಾಟಿದೆ.

ಮನೆಗೆ ಬಂದ ದಿನದಿಂದ ಬಂಧು-ಬಳಗದ್ದು ಒಂದೇ ಮಾತು. "ಚೀಲ ಹೋತಲ್ಲಪಾ, ಇನ್ನೇನ್ ಚಿಂತಿ ನಿನಗ?"

ಈ ಮಾತಿನ ವಿರುದ್ಧವೇ ನಾನು ಬರೆಯುತ್ತಿರುವುದು. ಒಳ್ಳೆ ಮನಸ್ಸಿನಿಂದಲೇ ಕೇಳ್ತಾರೆ, ಗೊತ್ತು. ಆದರೆ ಈ ಮಾತು ರೋಗಿಯ ಬಾಯಿ ಮುಚ್ಚಿಸುತ್ತೆ. ಚೀಲ ಹೋಯ್ತು ಅಂದ್ರೆ ಎಲ್ಲಾ ಮುಗೀತು ಅಂತ ಡಾಕ್ಟರೂ ನಂಬಿದಾರೆ, ಮನೆಯವರೂ ನಂಬಿದಾರೆ, ಊರೂ ನಂಬಿದೆ. ನಂಬದೇ ಇರೋದು ಕರುಳು ಮಾತ್ರ!

ತಿಂಗಳುಗಟ್ಟಲೆ ಕೆಲಸವಿಲ್ಲದೆ ಕೂತಿದ್ದ ಗುದನಾಳಕ್ಕೆ ಒಮ್ಮೆಗೇ ಕೆಲಸ ಹಚ್ಚಿದರೆ ಅದು ಹೇಗೆ ಮಾಡೀತು? ಬಿಗಿಹಿಡಿಯುವ ಸ್ನಾಯುಗಳಿಗೂ ರೂಢಿ ತಪ್ಪಿರುತ್ತೆ. ಹಾಗಾಗಿ ಮೊದಲ ವಾರಗಳಲ್ಲಿ ದಿನಕ್ಕೆ ಎಂಟು ಸಲ, ಹತ್ತು ಸಲ ಓಡಬೇಕು. ಬಂದು ಕೂತ ಐದು ನಿಮಿಷಕ್ಕೆ ಮತ್ತೆ ಎದ್ದೆ ಅನ್ನೋ ಹಾಗೆ. "ತಡಿ, ಮುಂದಿನ ಸ್ಟಾಪಿಗೆ ಇಳಿಯೋಣ" ಅನ್ನೋ ಮಾತೇ ಇಲ್ಲ. ಬಂತು ಅಂದ್ರೆ ಬಂತು. ಕೆಳಗೆ ಚರ್ಮ ಸುಲಿದು ಉರಿ ಉರಿ. ಹೆಚ್ಚಿನವರಿಗೆ ವಾರಗಳಲ್ಲೋ ತಿಂಗಳುಗಳಲ್ಲೋ ಇದು ಹತೋಟಿಗೆ ಬರುತ್ತೆ. ಕೆಲವರಿಗೆ ವರ್ಷ ಹಿಡಿಯುತ್ತೆ.

ಗುದನಾಳದ ಕ್ಯಾನ್ಸರಿಗೆ ಆ ಭಾಗವನ್ನೇ ತೆಗೆಸಿಕೊಂಡು, ಆಮೇಲೆ ಜೋಡಣೆ ಮಾಡಿಸಿಕೊಂಡವರ ಪಾಡು ಇನ್ನೂ ಕಷ್ಟ. ಅವರ ತೊಂದರೆಗೆ ಲಾರ್ಸ್ ಅಂತ ಹೆಸರೇ ಇದೆ. ಡೆನ್ಮಾರ್ಕಿನ ಎಮ್ಮರ್ಟ್ಸನ್ ಮತ್ತು ಲಾರ್ಬರ್ಗ್ ಅನ್ನುವ ವೈದ್ಯರು 2012ರಲ್ಲಿ ಐದೇ ಐದು ಪ್ರಶ್ನೆಗಳ ಒಂದು ಅಳತೆ ಪ್ರಕಟಿಸಿದರು. ಗಾಳಿ ತಡೆಯೋಕಾಗುತ್ತಾ, ತೆಳ್ಳಗಿನ ಮಲ ಸೋರುತ್ತಾ, ದಿನಕ್ಕೆ ಎಷ್ಟು ಸಲ, ಒಂದು ತಾಸಿನೊಳಗೆ ಮತ್ತೆ ಹೋಗಬೇಕಾಗುತ್ತಾ, ಓಡಿಹೋಗುವಷ್ಟು ಅವಸರ ಆಗುತ್ತಾ. ಇಷ್ಟೇ. 42ಕ್ಕೆ 30 ಅಥವಾ ಹೆಚ್ಚು ಬಂದರೆ ತೊಂದರೆ ದೊಡ್ಡದು ಅಂತ. ಐದು ಪ್ರಶ್ನೆ ಕೇಳೋಕೆ ಎರಡು ನಿಮಿಷ ಸಾಕಲ್ವಾ? ನನ್ನನ್ನ ಯಾರೂ ಒಂದನ್ನೂ ಕೇಳಲಿಲ್ಲ. ಹೊಲಿಗೆ ನೋಡಿದರು, "ಚೆನ್ನಾಗಿದೆ" ಅಂದರು, ಮುಂದಿನ ರೋಗಿಯನ್ನ ಕರೆದರು. ಡಿಸ್ಚಾರ್ಜ್ ಕಾಗದದಲ್ಲಿ ಮೂರು ಮಾತ್ರೆಯ ಹೆಸರು, ಕೆಳಗೆ "ಸಾಫ್ಟ್ ಡಯಟ್" ಅಂತ ಎರಡು ಪದ, ಅದೂ ಇಂಗ್ಲಿಷಿನಲ್ಲಿ.

ಸಾಫ್ಟ್ ಡಯಟ್ ಅಂದ್ರೆ ಏನು ಸ್ವಾಮಿ? ನಮ್ಮ ಕಡೆ ಊಟ ಅಂದ್ರೆ ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಕಡಿದುಕೊಳ್ಳೋಕೆ ಮೆಣಸಿನಕಾಯಿ. ರೊಟ್ಟಿ ತಿನ್ನದವನನ್ನ ನಮ್ಮೂರಲ್ಲಿ ಉಂಡವನು ಅಂತಲೇ ಲೆಕ್ಕಕ್ಕೆ ಹಿಡಿಯೋಲ್ಲ. ಮೊದಲ ಕೆಲವು ವಾರ ಮೆತ್ತಗಿನ ಅನ್ನ, ಮೊಸರು, ಬಾಳೆಹಣ್ಣು, ಸಪ್ಪನೆ ಬೇಳೆ. ಖಾರ, ಕಾಳು, ಹಸಿ ತರಕಾರಿ ಬೇಡ. ಆಮೇಲೆ ಒಂದೊಂದನ್ನೇ ಸ್ವಲ್ಪ ಸ್ವಲ್ಪ ತಿಂದು ನೋಡಬೇಕು, ಯಾವುದು ಹಿಡಿಸೋಲ್ಲವೋ ಬರೆದಿಟ್ಟುಕೊಳ್ಳಬೇಕು. ನೀರು ಚೆನ್ನಾಗಿ ಕುಡಿಯಬೇಕು. ಚೀಲವಿದ್ದ ಜಾಗದಲ್ಲಿ ಹರ್ನಿಯಾ ಆಗಬಹುದು, ಆದ್ದರಿಂದ ಆರರಿಂದ ಎಂಟು ವಾರ ಭಾರ ಎತ್ತಬಾರದು, ತುಂಬಿದ ಕೊಡ ಕೂಡ. ಚರ್ಮಕ್ಕೆ ಝಿಂಕ್ ಆಕ್ಸೈಡ್ ಮುಲಾಮು. ಗುದದ ಸ್ನಾಯು ಬಿಗಿಹಿಡಿದು ಬಿಡುವ ವ್ಯಾಯಾಮ ದಿನಾ. ಜ್ವರ ಬಂದರೆ, ಹೊಟ್ಟೆ ಉಬ್ಬಿ ವಾಂತಿಯಾದರೆ, ಗಾಳಿ ಹೋಗೋದೇ ನಿಂತರೆ ಅವತ್ತೇ ಆಸ್ಪತ್ರೆಗೆ ಓಡಬೇಕು, ಜೋಡಣೆ ಸೋರುತ್ತಿರಬಹುದು. ನೋಡಿ, ಒಂದು ಪ್ಯಾರಾದಲ್ಲಿ ಮುಗೀತು. ಇದನ್ನ ಕನ್ನಡದಲ್ಲಿ ಅಚ್ಚು ಹಾಕಿ ಕೈಗೆ ಕೊಡೋಕೆ ಎಷ್ಟು ಖರ್ಚು?

ಇನ್ನು ಊರಿನ ಮಾತು. ಆಪರೇಷನ್ ಆಗಿ ಮೂರನೇ ತಿಂಗಳು ಕೆಲಸಕ್ಕೆ ಹೋಗೋಕೆ ಶುರು ಮಾಡಿದೆ. ತಿಕೋಟಾದಿಂದ ವಿಜಯಪುರಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರು. ಆ ದೂರವನ್ನ ನಾನು ಕಿಲೋಮೀಟರಿನಲ್ಲಿ ಅಳೆಯೋದು ಬಿಟ್ಟು, ದಾರಿಯಲ್ಲಿ ಎಲ್ಲೆಲ್ಲಿ ಇಳಿಯಬಹುದು ಅಂತ ಅಳೆಯುತ್ತಿದ್ದೆ. ಬೆಳಿಗ್ಗೆ ಹೊಟ್ಟೆಗೆ ಏನೂ ಹಾಕದೆ ಬಸ್ ಹತ್ತುತ್ತಿದ್ದೆ. ಒಂದು ದಿನ ಗುಡಿಯ ಹತ್ತಿರದ ರಸ್ತೆಯಲ್ಲಿ ಅವಸರ ಬಂತು. ಕಂಡ ಒಂದು ಶೌಚಾಲಯಕ್ಕೆ ಬೀಗ. ಎದುರಿನ ಅಂಗಡಿಗೆ ಹೋಗಿ, ಆಪರೇಷನ್ ಆಗಿದೆ ಅಂತ ಅಂಗಿ ಎತ್ತಿ ಗಾಯದ ಗುರುತು ತೋರಿಸಿ ಕೇಳಿದೆ. "ಇಲ್ಲಿ ಸಂಡಾಸ್ ಇಲ್ರಿ, ಬಸ್‌ಸ್ಟ್ಯಾಂಡಿಗೆ ಹೋಗ್ರಿ." ಅವನ ಹಿಂದೆಯೇ ಅದರ ಬಾಗಿಲು ಕಾಣ್ತಿತ್ತು. ಮುಂದೆ ಏನಾಯ್ತು ಅಂತ ಬರೆಯೋಲ್ಲ, ನಿಮಗೇ ಗೊತ್ತಾಗುತ್ತೆ.

ಅದಾದ ಮೇಲೆ ಪರಿಚಯವಾದವರು ಬಬಲೇಶ್ವರದ ಕಡೆಯ ಒಬ್ಬ ಅಕ್ಕ. ಅವರಿಗೂ ಇದೇ ಆಪರೇಷನ್. ಅವರು ಹೇಳಿದ್ದು ಕೇಳಿ. "ಅಣ್ಣಾ, ಚೀಲ ಇದ್ದಾಗರ ಮದುವಿ-ಮುಂಜವಿಗೆ ಹೋಗ್ತಿದ್ನಿ. ಈಗ ಅದೂ ಇಲ್ಲ. ಚೀಲಾನ ಚಲೋ ಇತ್ತು." ಲಕ್ಷಾಂತರ ರೂಪಾಯಿಯ ಆಪರೇಷನ್ ಮಾಡಿಸಿಕೊಂಡ ಹೆಣ್ಣುಮಗಳು ಚೀಲವೇ ಚೆನ್ನಾಗಿತ್ತು ಅಂತಾಳೆ ಅಂದ್ರೆ ತಪ್ಪು ಅವಳ ಕರುಳಿನದ್ದಾ, ನಮ್ಮ ಊರುಗಳದ್ದಾ? ಗಂಡಸರು ನಾವು ಹೇಗೋ ಗೋಡೆ ಮರೆ ಹುಡುಕ್ತೀವಿ. ಅವಳು ಎಲ್ಲಿಗೆ ಹೋಗಬೇಕು?

ಇದಕ್ಕೆ ಮದ್ದಿಲ್ಲ ಅನ್ನಬೇಡಿ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಆಲಿ ಬೇನ್ ಅನ್ನುವ ಕರುಳಿನ ಕಾಯಿಲೆಯ ಹುಡುಗಿಗೆ ಒಂದು ಅಂಗಡಿಯಲ್ಲಿ ಹೀಗೇ ಇಲ್ಲ ಅಂದರು. ಅವಳೂ ಅವಳ ತಾಯಿಯೂ ಸುಮ್ಮನಿರಲಿಲ್ಲ. 2005ರಲ್ಲಿ ಅಲ್ಲಿ ಕಾಯಿದೆಯೇ ಬಂತು. ಇಂಥ ಕಾಯಿಲೆ ಇರುವ ಗಿರಾಕಿಗೆ ಅಂಗಡಿಯವರು ಕೆಲಸಗಾರರ ಶೌಚಾಲಯ ಬಿಟ್ಟುಕೊಡಬೇಕು ಅಂತ. ಜಪಾನಿನಲ್ಲಿ ಚೀಲ ಇರುವವರಿಗಾಗಿಯೇ ಬೇರೆ ಗುರುತು ಹಾಕಿದ ಸಾರ್ವಜನಿಕ ಶೌಚಾಲಯಗಳಿವೆ. "ಅದೆಲ್ಲಾ ಫಾರಿನ್ನು ಬಿಡ್ರಿ" ಅಂತೀರಾ? 2017ರ ಏಪ್ರಿಲ್‌ನಲ್ಲಿ ದಕ್ಷಿಣ ದೆಹಲಿಯ ಪಾಲಿಕೆ ತನ್ನ ವ್ಯಾಪ್ತಿಯ ಹೋಟೆಲ್ಲುಗಳ ಶೌಚಾಲಯವನ್ನ ಎಲ್ಲರಿಗೂ ತೆರೆಸಿತು, 5 ರೂಪಾಯಿವರೆಗೆ ತಗೋಬಹುದು ಅಂತ. ದೆಹಲಿ ಫಾರಿನ್ ಅಲ್ಲ. ಇತ್ತ ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿ ಇದೆ. ಅದರಲ್ಲಿ ಹೊಟ್ಟೆಗೆ ಚೀಲ ಹಾಕಿಸಿಕೊಂಡವರ ಹೆಸರಿಲ್ಲ. ಚೀಲ ಇದ್ದವರೇ ಲೆಕ್ಕಕ್ಕಿಲ್ಲ ಅಂದ ಮೇಲೆ ಚೀಲ ತೆಗೆಸಿದ ನಮ್ಮನ್ನ ಯಾರು ಕೇಳ್ತಾರೆ?

ಅಂಗಡಿಯವರ ವಾದವೂ ನನಗೆ ಗೊತ್ತು. "ಒಬ್ಬರನ್ನ ಬಿಟ್ರ ಎಲ್ಲಾರೂ ಬರ್ತಾರ, ಹೊಲಸ ಮಾಡ್ತಾರ, ತೊಳಿಯವ್ರು ಯಾರು?" ಸುಳ್ಳಲ್ಲ. ಅದಕ್ಕೇ ಐದು ರೂಪಾಯಿ ಇಸ್ಕೊಳ್ಳಿ, ಹತ್ತು ಇಸ್ಕೊಳ್ಳಿ, ನಾವು ಕೊಡ್ತೀವಿ. ಡಾಕ್ಟರ ಸಹಿ ಇರುವ ಒಂದು ಚೀಟಿ ಕೇಳಿ, ತೋರಿಸ್ತೀವಿ. ಇಲ್ಲ ಅನ್ನೋ ಮೊದಲು, ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯ ಅಪ್ಪ, ಬಸುರಿ ಮಗಳು, ಪ್ರಾಸ್ಟೇಟ್ ತೊಂದರೆಯ ಮಾವ ಇಲ್ಲವಾ ಅಂತ ಒಂದು ಕ್ಷಣ ಯೋಚಿಸಿ. ಇದು ಕರುಳು ಕತ್ತರಿಸಿಕೊಂಡ ನಾಲ್ಕು ಜನರ ಗೋಳು ಅಲ್ಲ.

ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ. ನಂದಿಕೋಲು, ಮದ್ದು ಸುಡೋದು, ದನದ ಸಂತೆ, ಹಳ್ಳಿಹಳ್ಳಿಯಿಂದ ಜನ. ಆಪರೇಷನ್ನಿನ ವರ್ಷ ನಾನು ಆ ಕಡೆ ತಲೆ ಹಾಕಲಿಲ್ಲ. ದೇವರ ಮೇಲಿನ ಸಿಟ್ಟಿಗಲ್ಲ, ಆ ಗದ್ದಲದಲ್ಲಿ ಅವಸರ ಬಂದರೆ ಎಲ್ಲಿಗೆ ಓಡಲಿ ಅನ್ನೋ ಭಯಕ್ಕೆ. ಶತಮಾನಗಳ ಹಿಂದೆಯೇ ತೊರವಿಯಿಂದ, ಬೇಗಂ ತಲಾಬಿನಿಂದ ನೆಲದೊಳಗೆ ದಾರಿ ಮಾಡಿ ಊರೊಳಗೆ ನೀರು ಹರಿಸಿದ ಪಟ್ಟಣ ಇದು. ಇಂಥ ಊರಿಗೆ ಶೌಚಾಲಯದ ನಲ್ಲಿಯಲ್ಲಿ ನೀರು ಬರಿಸೋದು ದೊಡ್ಡ ವಿದ್ಯೆಯೇನಲ್ಲ.

ನಾನು ಕೇಳೋದು ಇಷ್ಟೇ. ರಿವರ್ಸಲ್ ಮಾಡುವ ಪ್ರತಿ ಆಸ್ಪತ್ರೆ ಮನೆಗೆ ಕಳಿಸುವಾಗ ಕನ್ನಡದಲ್ಲಿ ಒಂದು ಹಾಳೆ ಕೊಡಲಿ, ಮುಂದಿನ ಭೇಟಿಯಲ್ಲಿ ಆ ಐದು ಪ್ರಶ್ನೆ ಕೇಳಲಿ. ಪಾಲಿಕೆಯವರು ಗುಡಿಯ ಸುತ್ತ, ಮಾರ್ಕೆಟ್ಟಿನಲ್ಲಿ ನೀರು, ಚಿಲಕ, ದೀಪ, ಕೂರೋಕೆ ಕಮೋಡ್ ಇರುವ, ಬೀಗ ಹಾಕದ ಶೌಚಾಲಯ ನಡೆಸಲಿ. ಹೋಟೆಲ್ಲು, ಅಂಗಡಿಗಳ ಲೈಸೆನ್ಸ್ ರಿನ್ಯೂ ಮಾಡುವಾಗ ಚೀಟಿ ತೋರಿಸಿದ ರೋಗಿಗೆ ಶೌಚಾಲಯ ಬಿಡಬೇಕು ಅನ್ನೋ ಒಂದು ಸಾಲು ಸೇರಿಸಲಿ.

ನಿಮ್ಮ ಓಣಿಯಲ್ಲಿ ಯಾರಾದರೂ ಇಂಥ ಆಪರೇಷನ್ ಮುಗಿಸಿ ಬಂದಿದ್ದರೆ, ಚೀಲ ಹೋಯ್ತಲ್ಲ ಅನ್ನಬೇಡಿ. "ದಿನಕ್ಕ ಎಷ್ಟ್ ಸಲ ಹೋಗಬೇಕಾಗ್ತದ?" ಅಂತ ಕೇಳಿ. ಮೊದಲು ಮುಖ ಕೆಂಪಾದೀತು. ಆಮೇಲೆ ಅರ್ಧ ತಾಸು ನಿಲ್ಲಿಸದೇ ಮಾತಾಡ್ತಾರೆ, ನೋಡಿ ಬೇಕಾದ್ರೆ.