ಮೇರಿ ಲೂ ವಿಲಿಯಮ್ಸ್

ಮದುವೆಯ ಊಟದಲ್ಲಿ ಬಡಿಸುವವರನ್ನು ಎಲ್ಲರೂ ಕಾಣುವರು. ಒಳಗೆ ಒಲೆಯ ಮುಂದೆ ನಿಂತು ಉಪ್ಪು ಹುಳಿಗಳ ಹದ ನೋಡಿದವರು ಯಾರೆಂದು ವಿಚಾರಿಸುವವರು ಕಡಮೆ. ಸಂಗೀತದಲ್ಲಿಯೂ ಇಂತಹ ಅಡುಗೆಮನೆಯೊಂದುಂಟು. ಅಮೇರಿಕಾ ದೇಶದ ಜಾಝ್ ಸಂಗೀತದಲ್ಲಿ ಆ ಒಳಮನೆಯ ಕೆಲಸವನ್ನು ಬಹುಕಾಲ ನಡೆಯಿಸಿ, ಹೊರಗೆ ಬಂದು ಪಿಯಾನೋ ನುಡಿಸಿಯೂ ಹೆಸರಾದ ಒಬ್ಬ ಹೆಣ್ಣುಮಗಳ ಸಂಗತಿಯನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಜಾಝ್ ಎಂದರೆ ಬರಿಯ ಗದ್ದಲವೆಂದು ನಮ್ಮಲ್ಲಿ ಅನೇಕರ ಎಣಿಕೆ. ನಾವೂ ಒಂದು ಕಾಲಕ್ಕೆ ಹಾಗೆಯೇ ಎಣಿಸಿದ್ದೆವು. ಈಕೆಯ ಪಿಯಾನೋ ಕೇಳಿದ ಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ಮೇರಿ ಲೂ ಹುಟ್ಟಿದುದು 1910ನೆಯ ಇಸವಿ ಮೇ 8ರಂದು, ಜಾರ್ಜಿಯಾ ಸಂಸ್ಥಾನದ ಅಟ್ಲಾಂಟಾ ನಗರದಲ್ಲಿ, ಒಂದು ಕಪ್ಪು ಜನರ ಬಡ ಕುಟುಂಬದಲ್ಲಿ. ಮನೆಯಲ್ಲಿ ಕಾಲಿನಿಂದ ತುಳಿದು ನುಡಿಸುವ ಒಂದು ಆರ್ಗನ್ ಇದ್ದಿತು; ನಮ್ಮ ನಾಟಕ ಕಂಪನಿಗಳಲ್ಲಿದ್ದ ಕಾಲು ಹಾರ್ಮೋನಿಯಂನ ಜಾತಿಯದು. ತಾಯಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದನ್ನು ನುಡಿಸುತ್ತಲಿದ್ದಳು. ಒಂದು ದಿನ, ತಾಯಿ ನುಡಿಸಿ ನಿಲ್ಲಿಸಿದುದನ್ನು ಮಗುವು ಪುಟ್ಟ ಬೆರಳುಗಳಿಂದ ತಾನೇ ನುಡಿಸಿತಂತೆ. ತಾಯಿಯು ಬೆಚ್ಚಿಬಿದ್ದು ಮಗುವನ್ನು ಕೆಳಕ್ಕೆ ಬಿಟ್ಟುಬಿಟ್ಟಳಂತೆ!

ಈ ತಾಯಿಯು ಮುಂದೆ ಕೈಕೊಂಡ ನಿರ್ಧಾರವು ವಿಚಾರಮಾಡತಕ್ಕದ್ದು. ಮಗಳಿಗೆ ಸಂಗೀತದ ಉಪಾಧ್ಯಾಯರು ಬೇಡವೆಂದಳು. ತಾನು ಉಪಾಧ್ಯಾಯರಲ್ಲಿ ಕಲಿತು, ಎದುರಿಗೆ ಹಾಳೆಯಿಲ್ಲದೆ ಏನನ್ನೂ ನುಡಿಸಲಾರದಂತಾದೆನೆಂಬ ಕೊರಗು ಆಕೆಗಿತ್ತು. ಅದಕ್ಕೆ ಬದಲಾಗಿ ವಾದಕರನ್ನೇ ಮನೆಗೆ ಕರೆದು ನುಡಿಸಿಸಿ, ಮಗಳು ಕೇಳುವಂತೆ ಮಾಡಿದಳು. ಪಾಠಾಂತರದಿಂದ ವಿದ್ಯೆ ಬರುವುದನ್ನು ಬಲ್ಲ ನಮಗೆ ಕಿವಿಯ ಕಲಿಕೆ ಹೊಸತಲ್ಲ. ಆದರೂ ಗುರುವೇ ಬೇಡವೆನ್ನುವುದು ಎಲ್ಲ ಮಕ್ಕಳಿಗೂ ಹೊಂದುವ ಮಾತಲ್ಲ. ಈ ಮಗುವಿಗೆ ಹೊಂದಿತು.

ಆಕೆ ಚಿಕ್ಕವಳಿರುವಾಗಲೇ ಸಂಸಾರವು ಉತ್ತರದ ಪಿಟ್ಸ್‌ಬರ್ಗ್ ನಗರಕ್ಕೆ ಬಂದಿತು. ನೆರೆಯ ಬಿಳಿಯರಿಗೆ ಇವರು ಬೇಕಿರಲಿಲ್ಲ. ಮನೆಯೊಳಕ್ಕೆ ಇಟ್ಟಿಗೆಗಳು ಬಂದು ಬೀಳುತ್ತಿದ್ದುವು. ಆ ಹುಡುಗಿಯು ನೆರೆಮನೆಗಳಿಗೆ ಹೋಗಿ ಪಿಯಾನೋ ನುಡಿಸಲು ತೊಡಗಿದ ಮೇಲೆ ಇಟ್ಟಿಗೆ ಬೀಳುವುದು ನಿಂತಿತು. ಹತ್ತು ವರ್ಷ ತುಂಬುವ ಹೊತ್ತಿಗೆ ಆ ಕೇರಿಯಲ್ಲೆಲ್ಲ ಆಕೆ 'ಪುಟ್ಟ ಪಿಯಾನೋ ಹುಡುಗಿ'. ಶ್ರೀಮಂತರ ಮನೆಗಳ ಔತಣಗಳಿಗೂ ಕರೆ ಬರುತ್ತಲಿದ್ದಿತು. ಸಂಪಾದಿಸಿದ ಹಣ ಮನೆಯ ಖರ್ಚಿಗೆ ಸಲ್ಲುತ್ತಿತ್ತು.

ಹದಿನಾರು ಹದಿನೇಳರ ವಯಸ್ಸಿನಲ್ಲಿ ಜಾನ್ ವಿಲಿಯಮ್ಸ್ ಎಂಬ ಸ್ಯಾಕ್ಸೋಫೋನ್ ವಾದಕನೊಡನೆ ವಿವಾಹವಾಯಿತು. ಆತನು ಆಂಡಿ ಕರ್ಕ್ ಎಂಬವನ ವಾದ್ಯಮೇಳವನ್ನು ಸೇರಿದನು. ಆ ಮೇಳದ ಹೆಸರನ್ನು ಕನ್ನಡಿಸಿದರೆ 'ಆನಂದದ ಹನ್ನೆರಡು ಮೇಘಗಳು' ಎಂದಾಗುತ್ತದೆ. ಮೊದಮೊದಲು ಮೇರಿಗೆ ಅದರಲ್ಲಿ ಸ್ಥಾನವಿರಲಿಲ್ಲ. ಆ ದಿನಗಳಲ್ಲಿ ಹೆಣವನ್ನು ಒಯ್ಯುವ ಗಾಡಿಯನ್ನು ನಡೆಸಿ ಸಹ ಆಕೆ ದುಡಿದುದುಂಟು. 1929ರಲ್ಲಿ ಧ್ವನಿಮುದ್ರಣದ ಕಂಪನಿಯವರು ಮೇಳವನ್ನು ಪರೀಕ್ಷಿಸಬಂದ ಸಮಯಕ್ಕೆ ಮೇಳದ ಪಿಯಾನೋ ವಾದಕನು ಬಾರದೆಹೋದನು. ಆತನ ಜಾಗದಲ್ಲಿ ಮೇರಿಯನ್ನು ಕೂರಿಸಿದರು. ಮುಂದೆ ಮೇಳವು ಆಕೆಯನ್ನು ಬಿಟ್ಟು ಷಿಕಾಗೋಗೆ ಹೋದಾಗ, ಆ ಹುಡುಗಿಯೆಲ್ಲಿ, ಆಕೆ ಬಂದೇ ತೀರಬೇಕೆಂದು ಕಂಪನಿಯವರು ಹಟ ಹಿಡಿದರು. ಆಕೆಯ ಹೆಸರಿಗೆ 'ಲೂ' ಎಂಬ ಬಾಲವನ್ನು ಅಂಟಿಸಿದವರೂ ಇವರೇ. ತಂದೆಯ ಕಡೆಯದೊಂದು ಹೆಸರು, ಗಂಡನ ಕಡೆಯದೊಂದು, ವ್ಯಾಪಾರಿಯ ಕಡೆಯದೊಂದು. ಹೆಂಗಸಿನ ಹೆಸರಿನಲ್ಲಿ ಎಷ್ಟು ಜನರ ಪಾಲು ನೋಡಿರಿ!

ಈಗ ಆ ಒಳಮನೆಯ ಕೆಲಸವೆಂದರೇನೆಂಬುದನ್ನು ತುಸು ಬಿಡಿಸಿ ಹೇಳಬೇಕು. ನಮ್ಮ ಕಚೇರಿಯಲ್ಲಿ ಗಾಯಕನು ಹಾಡಿದ ದಾರಿಯಲ್ಲಿಯೇ ಪಿಟೀಲು ಹಿಂಬಾಲಿಸುತ್ತದೆ. ಜಾಝ್ ಮೇಳದಲ್ಲಾದರೋ ಹತ್ತು ಹನ್ನೆರಡು ಮಂದಿ ಒಂದೇ ಕಾಲದಲ್ಲಿ ಬೇರೆ ಬೇರೆ ಸ್ವರಗಳನ್ನು ನುಡಿಸಬೇಕು. ಟ್ರಂಪೆಟ್ಟುಗಳು ಪ್ರಶ್ನೆ ಕೇಳಿದಂತೆ, ಸ್ಯಾಕ್ಸೋಫೋನುಗಳು ಉತ್ತರ ಕೊಟ್ಟಂತೆ, ನಡುವೆ ಒಬ್ಬನು ಮನೋಧರ್ಮದಿಂದ ನುಡಿಸಲು ಬಯಲು ಬಿಟ್ಟು, ಮತ್ತೆ ಎಲ್ಲರೂ ಕೂಡಿಕೊಳ್ಳುವಂತೆ ಪ್ರತಿಯೊಬ್ಬನಿಗೂ ಹಾಳೆ ಬರೆದುಕೊಡಬೇಕು. ಇದೇ ವಾದ್ಯಸಂಯೋಜನೆ. ಹಾಡು ಒಬ್ಬರದು, ಮೇಳದ ಹೆಸರು ಇನ್ನೊಬ್ಬರದು, ಚಪ್ಪಾಳೆ ಮುಂದೆ ನಿಂತು ಊದಿದವನಿಗೆ. ಕೇಳುವವರು 'ಆಹಾ' ಎಂದ ಆ ರುಚಿ ಮಾತ್ರ ಸಂಯೋಜಕರದು.

ಮೇರಿ ಲೂಗೆ ಆಗ ಸ್ವರಲಿಪಿಯೇ ಬಾರದು. ಮನಸ್ಸಿನಲ್ಲಿ ಹೊಳೆದುದನ್ನು ಹೇಳುವಳು, ಕರ್ಕನು ಬರೆದುಕೊಳ್ಳುವನು. ಆತನಿಂದ ಬರೆಯುವುದನ್ನು ಕಲಿತು ತಾನೇ ಬರೆದ ಮೊದಲ ಸಂಯೋಜನೆಯಲ್ಲಿ, ಅರ್ಧ ವಾದ್ಯಗಳಿಗೆ ಎಟುಕದ ಸ್ವರಗಳನ್ನು ಬರೆದಿಟ್ಟು ನಗೆಗೀಡಾದುದನ್ನು ಆಕೆಯೇ ಹೇಳಿಕೊಂಡಿದ್ದಾಳೆ. ಕೆಲವೇ ವರ್ಷಗಳಲ್ಲಿ ಆ ಮೇಳದ ನಡೆಗೆಲ್ಲ ಆಕೆಯ ಲೇಖನಿಯೇ ಆಧಾರವಾಯಿತು. 1936ರ 'ವಾಕಿನ್ ಅಂಡ್ ಸ್ವಿಂಗಿನ್' ಇಂದಿಗೂ ಹಳತೆನಿಸುವುದಿಲ್ಲ. ಅದರಲ್ಲಿ ಬರುವ ಒಂದು ತುಣುಕು ಮುಂದೆ ಥೆಲೋನಿಯಸ್ ಮಂಕ್ ಎಂಬ ಮಹಾವಾದಕನ ಪ್ರಸಿದ್ಧ ಕೃತಿಯೊಂದರಲ್ಲಿ ಸೇರಿಕೊಂಡಿತು. ಜನರು ಅದನ್ನು ಮಂಕನದೆಂದೇ ಬಲ್ಲರು. ಬೆನ್ನಿ ಗುಡ್‌ಮನ್ನನ ಖ್ಯಾತ ಮೇಳಕ್ಕೆ 1937ರಲ್ಲಿ 'ರೋಲ್ ಎಮ್' ಬರೆದುಕೊಟ್ಟಳು. ತನಗೊಬ್ಬನಿಗೇ ಬರೆಯಬೇಕೆಂದು ಗುಡ್‌ಮನ್ ಕೇಳಿದಾಗ ಆಕೆ ಒಪ್ಪಲಿಲ್ಲ. ಆ ದಿನಗಳಲ್ಲಿ ಕಪ್ಪು ಜನಾಂಗದ ಒಬ್ಬ ಹೆಂಗಸು ಇಂತಹ ಧಣಿಗೆ ಒಲ್ಲೆನೆನ್ನುವುದು ಸಣ್ಣ ಮಾತಲ್ಲ.

ಮೇಳದ ಬೀಡು ಕ್ಯಾನ್ಸಾಸ್ ಸಿಟಿ. ದೇಶಕ್ಕೆ ದೇಶವೇ ಬಡತನದಲ್ಲಿ ಮುಳುಗಿದ್ದಾಗಲೂ ಅಲ್ಲಿ ರಾತ್ರಿಯೆಲ್ಲ ಸಂಗೀತ. 1933ರ ಸುಮಾರಿನಲ್ಲಿ ಒಂದು ರಾತ್ರಿ, ಬೆಳಗಿನ ಜಾವದ ಹೊತ್ತು, ಯಾರೋ ಆಕೆಯ ಕಿಟಕಿಯನ್ನು ಕೆರೆದರು. ಬೆನ್ ವೆಬ್‌ಸ್ಟರ್ ಎಂಬ ಸ್ಯಾಕ್ಸೋಫೋನ್ ವಾದಕ. ಊರಿಗೆ ಬಂದಿದ್ದ ಕೋಲ್ಮನ್ ಹಾಕಿನ್ಸ್‌ನಿಗೂ ಊರಿನ ವಾದಕರಿಗೂ ಪಂಥ ಬಿದ್ದಿದೆ, ಪಿಯಾನೋ ನುಡಿಸುವವರೆಲ್ಲ ದಣಿದು ಕೈಬಿಟ್ಟಿದ್ದಾರೆ, ಎದ್ದು ಬಾ ಎಂದು ಕರೆಯಬಂದಿದ್ದನು. ಈಕೆ ಎದ್ದು ಹೋದಳು. ಗಂಡಸರೆಲ್ಲ ದಣಿದ ಮೇಲೆ ನೆನಪಾದದ್ದು ಈಕೆ ಎಂಬುದನ್ನು ನಾವು ಗುರುತುಹಾಕಿಕೊಳ್ಳುತ್ತೇವೆ.

1942ರಲ್ಲಿ ಆ ಮೇಳವನ್ನು ಬಿಟ್ಟು ಮುಂದೆ ನ್ಯೂಯಾರ್ಕಿಗೆ ಬಂದಳು. ಬಿಳಿಯರೂ ಕರಿಯರೂ ಸರಿಸಮನಾಗಿ ಕುಳಿತು ಕೇಳುತ್ತಿದ್ದ 'ಕೆಫೆ ಸೊಸೈಟಿ' ಎಂಬಲ್ಲಿ ನುಡಿಸಿದಳು. ಹಾರ್ಲೆಮ್ ಭಾಗದಲ್ಲಿದ್ದ ಆಕೆಯ ಮನೆಗೆ ಮಂಕ್, ಬಡ್ ಪೊವೆಲ್, ಡಿಜ್ಜಿ ಗಿಲೆಸ್ಪಿ ಮೊದಲಾದ ತರುಣರು ರಾತ್ರಿಯಲ್ಲಿ ಬಂದು ಪಿಯಾನೋ ಮುಂದೆ ಕೂಡುತ್ತಿದ್ದರು. ಇವರು ಹೂಡಿದ ಹೊಸ ಪದ್ಧತಿಯನ್ನು ಹಳೆಯ ವಾದಕರು ಅನೇಕರು ಹಳಿಯುತ್ತಿದ್ದ ಕಾಲವದು. ಈಕೆಯು ಹಳಿಯಲಿಲ್ಲ, ತಾನೂ ಕಲಿತಳು. 1945ರಲ್ಲಿ ಹನ್ನೆರಡು ರಾಶಿಗಳ ಹೆಸರಿನಲ್ಲಿ ಹನ್ನೆರಡು ಭಾಗಗಳ 'ಜೋಡಿಯಾಕ್ ಸೂಟ್' ರಚಿಸಿ, ಆಯಾ ರಾಶಿಯಲ್ಲಿ ಹುಟ್ಟಿದ ಕಲಾವಿದರಿಗೆ ಒಂದೊಂದನ್ನು ಅರ್ಪಿಸಿದಳು. ಮೇಷರಾಶಿಯದು, ಕಿಟಕಿ ಕೆರೆದ ಆ ವೆಬ್‌ಸ್ಟರನಿಗೂ ಗಾಯಕಿ ಬಿಲೀ ಹಾಲಿಡೇಗೂ ಸಂದಿತು.

ಇಷ್ಟು ಹೊತ್ತಿಗೆ ಕೀರ್ತಿಯಿತ್ತು, ಕೈಯಲ್ಲಿ ಹಣ ನಿಲ್ಲುತ್ತಿರಲಿಲ್ಲ. 1952ರಲ್ಲಿ ಇಂಗ್ಲೆಂಡಿಗೆ ಹೋದವಳು ಯುರೋಪಿನಲ್ಲಿ ಎರಡು ವರ್ಷ ನಿಂತಳು. 1954ರಲ್ಲಿ ಪ್ಯಾರಿಸ್ಸಿನಲ್ಲಿ ಒಂದು ರಾತ್ರಿ ನುಡಿಸುತ್ತಿದ್ದವಳು ಎದ್ದು ಹೊರಟುಹೋದಳು. ಊರಿಗೆ ಮರಳಿದ ಮೇಲೆಯೂ ಸಭೆಯ ಮುಂದೆ ಪಿಯಾನೋ ಮುಟ್ಟಲಿಲ್ಲ. ಮಾದಕದ್ರವ್ಯಗಳಿಗೆ ಸಿಕ್ಕಿ ಹಾಳಾಗುತ್ತಿದ್ದ ವಾದಕರನ್ನು ಮನೆಗೆ ಕರೆತಂದು ಅನ್ನವಿಕ್ಕಿ ಆರೈಕೆ ಮಾಡಿದಳು. ಉಳಿದ ಹೊತ್ತೆಲ್ಲ ಇಗರ್ಜಿಯಲ್ಲಿ ಪ್ರಾರ್ಥನೆ. 1957ರಲ್ಲಿ ಕ್ಯಾಥೊಲಿಕ್ ಮತವನ್ನು ಸ್ವೀಕರಿಸಿದಳು. ಮನೆಯಲ್ಲಿ ಕಷ್ಟವಿದ್ದಾಗಲೂ ಇನ್ನೊಬ್ಬರ ಎಲೆಗೆ ಬಡಿಸುವ ಹೆಂಗಸರನ್ನು ನಮ್ಮ ವಾಚಕರು ಬಲ್ಲರು. ಅವರಿಗೆ ಈ ಮೂರು ವರ್ಷಗಳನ್ನು ವಿವರಿಸಬೇಕಾಗಿಲ್ಲ. ನಿನ್ನ ಪ್ರಾರ್ಥನೆಯು ಪಿಯಾನೋದಲ್ಲಿಯೇ ಇದೆಯೆಂದು ಪಾದ್ರಿಗಳು ತಿಳಿಯಹೇಳಿದರು, ಗಿಲೆಸ್ಪಿಯೂ ಒತ್ತಾಯಪಡಿಸಿದನು. ಅದೇ ವರ್ಷ ನ್ಯೂಪೋರ್ಟಿನ ಸಂಗೀತೋತ್ಸವದಲ್ಲಿ ಅವನ ಮೇಳದೊಡನೆ ಕುಳಿತು ಜೋಡಿಯಾಕ್ ಸೂಟಿನ ಭಾಗಗಳನ್ನು ನುಡಿಸಿದಳು.

ಆ ಮೇಲೆ ಬರೆದುದರಲ್ಲಿ ಬಹುಭಾಗ ದೇವರ ಸಂಗೀತ. ಕಪ್ಪು ಜನಾಂಗದ ಸಂತನಾದ ಮಾರ್ಟಿನ್ ದೆ ಪೊರೆಸ್‌ನ ಸ್ತುತಿಯನ್ನು ರಚಿಸಿದಳು. ಹಳೆಯ ಬಟ್ಟೆ ಪಾತ್ರೆಗಳನ್ನು ಮಾರುವ ಅಂಗಡಿಯಿಟ್ಟು, ಬಂದ ಹಣವನ್ನು ಆ ನೊಂದ ವಾದಕರಿಗೆ ವಿನಿಯೋಗಿಸಿದಳು. ಜಾಝ್ ಧಾಟಿಯಲ್ಲಿ ಆಕೆ ರಚಿಸಿದ ಪೂಜಾಸಂಗೀತವು 1975ರಲ್ಲಿ ನ್ಯೂಯಾರ್ಕಿನ ಸೇಂಟ್ ಪ್ಯಾಟ್ರಿಕ್ಸ್ ಮಹಾದೇವಾಲಯದಲ್ಲಿ ನಡೆಯಿತು. ಆ ಮಂದಿರದಲ್ಲಿ ಜಾಝ್‌ನಲ್ಲಿ ಪೂಜೆ ಸಂದುದು ಅದೇ ಮೊದಲು.

1977ರಲ್ಲಿ, ಅರವತ್ತೇಳರ ಸುಮಾರಿಗೆ, ಸಿಸಿಲ್ ಟೇಲರ್ ಎಂಬ ಉಗ್ರ ನವೀನ ವಾದಕನೊಡನೆ ಕಾರ್ನೆಗಿ ಹಾಲಿನಲ್ಲಿ ಎರಡು ಪಿಯಾನೋಗಳ ಕಚೇರಿ ನಡೆಸಿದಳು. ಆ ಧ್ವನಿಮುದ್ರಣದಲ್ಲಿ ಇಬ್ಬರೂ ಎರಡು ದಾರಿ ಹಿಡಿದಂತೆ ನಮಗೆ ಕೇಳಿಸುತ್ತದೆ. ಅದೇ ವರ್ಷ ಉತ್ತರ ಕೆರೊಲಿನಾದ ಡ್ಯೂಕ್ ವಿಶ್ವವಿದ್ಯಾನಿಲಯವು ಆಕೆಯನ್ನು ಬರಮಾಡಿಕೊಂಡಿತು. ಉಪಾಧ್ಯಾಯರಿಲ್ಲದೆ ಕಲಿತವಳು ಉಪಾಧ್ಯಾಯಿನಿಯಾದಳು. 1981ರ ಮೇ 28ರಂದು ಅದೇ ಸಂಸ್ಥಾನದ ಡರ್ಹಮ್ ನಗರದಲ್ಲಿ ತೀರಿಕೊಂಡಳು. ಸಮಾಧಿಯು ಪಿಟ್ಸ್‌ಬರ್ಗಿನಲ್ಲಿದೆ.

ಈಕೆಯ ಸಂಗೀತವನ್ನು ಈಗ ಮನೆಯಲ್ಲಿಯೇ ಕುಳಿತು ಕೇಳಲು ಅನುಕೂಲವುಂಟು. ಮೊದಲು 'ವಾಕಿನ್ ಅಂಡ್ ಸ್ವಿಂಗಿನ್' ಕೇಳಿರಿ. ಪಿಯಾನೋವನ್ನು ಬಿಟ್ಟು, ಹಿಂದೆ ಊದುವ ಹಿತ್ತಾಳೆಯ ವಾದ್ಯಗಳ ಮೇಲೆ ಕಿವಿಯಿಡಿರಿ. ಅಲ್ಲಿ ಊದುತ್ತಿರುವವರು ಗಂಡಸರು, ನುಡಿ ಆಕೆಯದು.