ಅವಲಪಲ್ಲಿಯಲ್ಲಿ ಋತುಮಾನದ ಹೊರಾಂಗಣ ವ್ಯಾಪಾರಕ್ಕೆ ಲಿಖಿತ ಅನುಮತಿ ಕೋರಿ ಮನವಿ ಪತ್ರ

ಗೆ,
ಮಾನ್ಯ ಆಯುಕ್ತರು,
ಹೊಸೂರು ಮಹಾನಗರ ಪಾಲಿಕೆ,
ಹೊಸೂರು, ಕೃಷ್ಣಗಿರಿ ಜಿಲ್ಲೆ.

ಇವರಿಂದ,
ಅವಲಪಲ್ಲಿಯ ಬೀದಿ ಬದಿ ವ್ಯಾಪಾರಿಗಳು ಹಾಗೂ ಸಣ್ಣ ಹೋಟೆಲ್, ಜ್ಯೂಸ್ ಅಂಗಡಿಗಳವರು.

ವಿಷಯ: ಅವರೆ ಸುಗ್ಗಿಯಲ್ಲೂ ಬೇಸಿಗೆಯಲ್ಲೂ ರಸ್ತೆ ಬದಿಯಲ್ಲಿ ಚಪ್ಪರ, ಬೆಂಚು ಹಾಕಿ ವ್ಯಾಪಾರ ಮಾಡಲು ಅವಧಿ ನಮೂದಿಸಿದ ಅನುಮತಿ ಪತ್ರ ನೀಡುವ ಬಗ್ಗೆ.

ಮಾನ್ಯರೇ,

ಈ ಮನವಿಯನ್ನು ನಮ್ಮ ಮನೆಮಾತಾದ ಕನ್ನಡದಲ್ಲಿ ಬರೆದಿದ್ದೇವೆ. ಕುಂದುಕೊರತೆ ಹೇಳಿಕೊಳ್ಳುವವರು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅರ್ಜಿ ಕೊಡಬಹುದು ಎಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಕಚೇರಿಯ ಅನುಕೂಲಕ್ಕಾಗಿ ತಮಿಳು ಅನುವಾದವನ್ನೂ ಲಗತ್ತಿಸಿದ್ದೇವೆ.

ನಮ್ಮ ವ್ಯಾಪಾರ ವರ್ಷವಿಡೀ ಒಂದೇ ರೀತಿ ನಡೆಯುವುದಿಲ್ಲ. ಡಿಸೆಂಬರ್ ಬಂತೆಂದರೆ ಸುತ್ತಲ ಹಳ್ಳಿಗಳಿಂದ ಸೊಗಡಿನ ಅವರೆಕಾಯಿ ಮೂಟೆ ಮೂಟೆಯಾಗಿ ಬಂದಿಳಿಯುತ್ತದೆ. ಸಂಕ್ರಾಂತಿ ಕಳೆದು ಕೆಲವು ದಿನಗಳಲ್ಲಿ ಅದು ಮುಗಿಯುತ್ತದೆ. ಶಿವರಾತ್ರಿ ದಾಟಿದ ಮೇಲೆ ಎಳನೀರು, ಕಲ್ಲಂಗಡಿ, ತಾಟಿನುಂಗು, ಕಬ್ಬಿನ ಹಾಲು, ಮಜ್ಜಿಗೆ. ಆಮೇಲೆ ಕೃಷ್ಣಗಿರಿಯ ಮಾವು. ಮಳೆಗಾಲ ಹಿಡಿದುಕೊಂಡರೆ ಬೀದಿ ಖಾಲಿ. ವರ್ಷದ ಬಾಡಿಗೆ, ಮಕ್ಕಳ ಫೀಸು, ಸಾಲದ ಕಂತು ಎಲ್ಲವೂ ಈ ಐದಾರು ತಿಂಗಳ ದುಡಿಮೆಯಿಂದಲೇ ಹುಟ್ಟಬೇಕು. ಆ ತಿಂಗಳುಗಳಲ್ಲಿ ಅಂಗಡಿಯ ಒಳಗೆ ಜಾಗ ಸಾಲುವುದಿಲ್ಲ, ಗಾಡಿಯ ಮುಂದೆ ನೆರಳಿರುವುದಿಲ್ಲ. ಎರಡು ಬೆಂಚು, ನಾಲ್ಕು ಗಳ, ಮೇಲೊಂದು ತೆಂಗಿನ ಗರಿಯ ಚಪ್ಪರ ಇದ್ದರೆ ಗಿರಾಕಿ ಕೂರುತ್ತಾನೆ. ಇಲ್ಲದಿದ್ದರೆ ಬಿಸಿಲಿಗೆ ಮುಖ ತಿರುಗಿಸಿ ಹೋಗುತ್ತಾನೆ.

ತಮ್ಮ ಅಧಿಕಾರಿಗಳು ಜನವರಿಯ ಒಂದು ಮುಂಜಾನೆ ಇಲ್ಲಿಗೆ ಬರಬೇಕೆಂದು ಕೋರುತ್ತೇವೆ. ಗೋಣಿತಾಟಿನ ಮೇಲೆ ಅವರೆಕಾಯಿ ರಾಶಿ, ಪಕ್ಕದ ಬೋಗುಣಿಯಲ್ಲಿ ರಾತ್ರಿಯೇ ನೆನೆಹಾಕಿದ ಕಾಳು. ಹೆಬ್ಬೆರಳು, ತೋರುಬೆರಳಿನ ನಡುವೆ ಹಿಸುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಜಾರುತ್ತದೆ. ಒಂದು ಸೇರು ಬೇಳೆಗೆ ಎಷ್ಟು ಸಲ ಬೆರಳು ಹಿಸುಕಬೇಕೋ ಲೆಕ್ಕವಿಲ್ಲ. ಸುಗ್ಗಿ ಮುಗಿಯುವ ಹೊತ್ತಿಗೆ ಉಗುರಿನ ಸಂದು ಕಪ್ಪಾಗಿ ಸುಲಿದಿರುತ್ತದೆ. ಈ ಕೆಲಸ ಮಾಡುವವರು ಬಹುತೇಕ ಹೆಂಗಸರು, ಅದರಲ್ಲೂ ವಯಸ್ಸಾದವರು. ಹಿಸುಕಿದ ಬೇಳೆ ಅಂದೇ ಮಾರಾಟವಾಗಬೇಕು. ಮಧ್ಯಾಹ್ನ ಯಾರೋ ಬಂದು ‘ಎತ್ತಿ’ ಎಂದರೆ ಆ ದಿನದ ದುಡಿಮೆ ಅಲ್ಲಿಗೇ ಮುಗಿಯಿತು. ಎತ್ತಿ ಎಂದವರು ಯಾರು, ಯಾವ ಕಚೇರಿಯವರು ಎಂದು ಕೇಳುವ ಧೈರ್ಯ ನಮಗಿಲ್ಲ. ಏಕೆಂದರೆ ತೋರಿಸಲು ನಮ್ಮ ಕೈಯಲ್ಲಿ ಒಂದು ಕಾಗದವೂ ಇಲ್ಲ. ನಮ್ಮ ಕೋರಿಕೆಯೆಲ್ಲ ಆ ಕಾಗದಕ್ಕಾಗಿಯೇ.

ಕಾನೂನು ನಮಗೆ ವಿರುದ್ಧವಾಗಿಲ್ಲ. ಪಾದಚಾರಿ ಮಾರ್ಗದ ವ್ಯಾಪಾರವೂ ಸೂಕ್ತ ನಿಯಂತ್ರಣಕ್ಕೆ ಒಳಪಟ್ಟು ಸಂವಿಧಾನದ 19(1)(ಜಿ) ವಿಧಿಯ ಹಕ್ಕಿನೊಳಗೆ ಬರುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯ 1989ರಲ್ಲೇ ಸೋದನ್ ಸಿಂಗ್ ಪ್ರಕರಣದಲ್ಲಿ ಹೇಳಿತು. 2014ರ ಬೀದಿ ಬದಿ ವ್ಯಾಪಾರಿಗಳ ಅಧಿನಿಯಮ ಆ ಮಾತಿಗೆ ರೂಪ ಕೊಟ್ಟಿತು. ವ್ಯಾಪಾರಿಗಳ ಸಮೀಕ್ಷೆ ಮುಗಿದು ಮಾರಾಟ ಪ್ರಮಾಣಪತ್ರ ಕೊಡುವವರೆಗೆ ಯಾವ ವ್ಯಾಪಾರಿಯನ್ನೂ ಒಕ್ಕಲೆಬ್ಬಿಸುವಂತಿಲ್ಲ ಎನ್ನುತ್ತದೆ ಅದರ 3ನೇ ಪ್ರಕರಣ. ಸ್ಥಳಾಂತರಕ್ಕೆ 30 ದಿನಗಳ ನೋಟಿಸ್ ಬೇಕು. ಬೇಗ ಕೆಡುವ ಸರಕನ್ನು ಜಪ್ತಿ ಮಾಡಿದರೆ ವ್ಯಾಪಾರಿ ಬಂದು ಕೇಳಿದ ದಿನವೇ ಹಿಂದಿರುಗಿಸಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳು ಶೇ. 40ಕ್ಕಿಂತ ಕಡಿಮೆ ಇರಕೂಡದು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಸಾರ್ವಜನಿಕ ಜಾಗವನ್ನು ಸಮಯ ಹಂಚಿಕೆಯ ಮೇಲೆ ವ್ಯಾಪಾರಕ್ಕೆ ಬಿಡುವ ವಿಚಾರವೂ ಅದರ ಎರಡನೇ ಅನುಸೂಚಿಯಲ್ಲಿದೆ. ದಿನದೊಳಗೆ ಸಮಯ ಹಂಚಬಹುದಾದರೆ ವರ್ಷದೊಳಗೆ ಋತುವನ್ನು ಹಂಚಲು ಅಡ್ಡಿ ಏನು?

ಆದ್ದರಿಂದ, ಡಿಸೆಂಬರ್‌ನಿಂದ ಜನವರಿ ಕೊನೆಯವರೆಗೆ ಒಂದು, ಮಾರ್ಚ್‌ನಿಂದ ಜೂನ್ ಕೊನೆಯವರೆಗೆ ಇನ್ನೊಂದು, ಹೀಗೆ ಎರಡು ಅವಧಿಯ ಅನುಮತಿ ಪತ್ರಗಳನ್ನು ಕೊಡಬೇಕು. ಅವುಗಳಲ್ಲಿ ಹೆಸರು, ಜಾಗದ ಉದ್ದಗಲ, ಮುಗಿಯುವ ದಿನಾಂಕ ಮೂರೂ ಇರಲಿ. ಗಾಡಿಯವರು ಮತ್ತು ಗೋಣಿತಾಟಿನ ಮೇಲೆ ಮಾರುವವರು 2014ರ ಅಧಿನಿಯಮದ ಪ್ರಮಾಣಪತ್ರದ ಅಡಿ ಬರುತ್ತಾರೆ. ಅಂಗಡಿಯ ಎದುರು ಬೆಂಚು ಹಾಕುವವರ ವಿಷಯ ಬೇರೆ. ಮದುವೆ, ಜಾತ್ರೆಗಳಿಗೆ ಬೀದಿಯಲ್ಲಿ ಶಾಮಿಯಾನ ಹಾಕಲು ಕೊಡುವ ತಾತ್ಕಾಲಿಕ ಪರವಾನಗಿಯ ಮಾದರಿಯಲ್ಲಿ ಇವರಿಗೂ ಒಂದು ದಾರಿ ಮಾಡಿಕೊಡಬಹುದು. ಶುಲ್ಕ ಕಟ್ಟಲು ನಾವು ಹಿಂದೆಗೆಯುವುದಿಲ್ಲ. ಶುಲ್ಕ ಎಷ್ಟೆಂದು ಮೊದಲೇ ಪ್ರಕಟವಾಗಲಿ, ರಸೀದಿ ಸಿಗಲಿ, ವರ್ಷದ ಲೆಕ್ಕದಲ್ಲಿ ಕೇಳದೆ ತಿಂಗಳ ಲೆಕ್ಕದಲ್ಲಿ ಕೇಳಲಿ.

ಇದು ಎಲ್ಲೂ ಇಲ್ಲದ ಬೇಡಿಕೆಯಲ್ಲ. 2020ರ ಸಾಂಕ್ರಾಮಿಕದ ಹೊತ್ತಿನಲ್ಲಿ ನ್ಯೂಯಾರ್ಕ್ ನಗರ ಹೋಟೆಲ್‌ಗಳಿಗೆ ರಸ್ತೆಯಂಚಿನಲ್ಲಿ ಮೇಜು ಹಾಕಲು ಬಿಟ್ಟು, ಮುಂದೆ ಅದನ್ನೇ ಏಪ್ರಿಲ್‌ನಿಂದ ನವೆಂಬರ್‌ವರೆಗಿನ ಋತುಮಾನದ ಅನುಮತಿಯಾಗಿ ಕಾಯಂ ಮಾಡಿತು. ಅಷ್ಟು ದೂರವೂ ಬೇಡ. ಬೆಂಗಳೂರಿನ ವಿಶ್ವೇಶ್ವರಪುರದಲ್ಲಿ ಚಳಿಗಾಲದ ಅವರೆ ಮೇಳಕ್ಕೆ ಬೀದಿಗೆ ಬೀದಿಯೇ ಜಾಗ ಬಿಟ್ಟುಕೊಟ್ಟದ್ದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ.

ರಸ್ತೆಯಲ್ಲಿ ಓಡಾಡುವವರ ಸುರಕ್ಷತೆಯ ವಿಷಯವನ್ನು ನಾವೇ ಎತ್ತುತ್ತೇವೆ, ಏಕೆಂದರೆ ನಮ್ಮ ಕಡೆಯಿಂದಲೂ ತಪ್ಪಾಗಿದೆ. ಒಂದು ಬೇಸಿಗೆಯ ಸಂಜೆ ದಿಢೀರನೆ ಎದ್ದ ಗಾಳಿಗೆ, ಸಡಿಲವಾಗಿ ಕಟ್ಟಿದ್ದ ನಮ್ಮದೊಂದು ಟಾರ್ಪಾಲು ಹಾರಿ ರಸ್ತೆಗೆ ಬಿತ್ತು. ಬೈಕಿನಲ್ಲಿ ಬರುತ್ತಿದ್ದ ಹುಡುಗ ಬ್ರೇಕ್ ಹಾಕಿ ಪಕ್ಕಕ್ಕೆ ಜಾರಿದ. ಪುಣ್ಯಕ್ಕೆ ಮೊಣಕೈ ತರಚಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಅಂದಿನಿಂದ ಆ ಜಾಗದಲ್ಲಿ ಟಾರ್ಪಾಲು ಕಟ್ಟಿಲ್ಲ. ಅನುಮತಿ ಪತ್ರದಲ್ಲಿ ಷರತ್ತು ಬರೆಯಿರಿ ಎಂದು ನಾವೇ ಕೇಳುವುದು ಇದಕ್ಕೇ. ಗಳ ನೆಲಕ್ಕೆ ಹೇಗೆ ಊರಬೇಕು, ಚಪ್ಪರ ಎಷ್ಟು ಎತ್ತರವಿರಬೇಕು, ಒಲೆ ಎಲ್ಲಿರಬೇಕು ಎಂದು ಪಾಲಿಕೆಯ ಇಂಜಿನಿಯರರೇ ಗೊತ್ತುಮಾಡಲಿ. ಪಾದಚಾರಿಗಳಿಗೆ 1.8 ಮೀಟರ್ ಬಿಡಬೇಕೆಂಬ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡಕ್ಕೆ ನಾವು ಬದ್ಧರು. ಅಷ್ಟು ಜಾಗ ಉಳಿಯದ ಕಡೆ ಬೆಂಚು ಬೇಡ. ಗಾಲಿಕುರ್ಚಿಯವರು, ಮಗುವನ್ನು ಎತ್ತಿಕೊಂಡ ತಾಯಿ ನಮ್ಮ ಬೆಂಚಿನಿಂದಾಗಿ ರಸ್ತೆಗೆ ಇಳಿಯುವಂತಾಗಬಾರದು. ಚರಂಡಿಯ ಮೇಲೆ ಏನನ್ನೂ ಊರುವುದಿಲ್ಲ. 2019ರ ಜನವರಿಯಿಂದ ಈ ರಾಜ್ಯದಲ್ಲಿ ನಿಷೇಧದಲ್ಲಿರುವ ಪ್ಲಾಸ್ಟಿಕ್ ಲೋಟ, ಚೀಲ ಮುಟ್ಟುವುದಿಲ್ಲ. ಎಳನೀರಿನ ಬುರುಡೆ, ಕಬ್ಬಿನ ಸಿಪ್ಪೆಯನ್ನು ಪ್ರತಿ ರಾತ್ರಿ ನಾವೇ ಒಟ್ಟುಮಾಡಿ ಕೊಡುತ್ತೇವೆ. ಅದನ್ನು ಒಯ್ಯಲು ಗಾಡಿ ಬರುವ ಹೊತ್ತೊಂದನ್ನು ಪಾಲಿಕೆ ನಿಗದಿ ಮಾಡಿದರೆ ಸಾಕು. ಕೊನೆಯ ದಿನಾಂಕದ ಮಾರನೆಯ ಬೆಳಗ್ಗೆ ಅಲ್ಲಿ ಒಂದು ಗಳವೂ ನಿಂತಿರುವುದಿಲ್ಲ.

ಇನ್ನೊಂದು ಕೋರಿಕೆ. ಅರ್ಜಿಯ ನಮೂನೆ, ನೋಟಿಸ್, ಷರತ್ತುಗಳು ತಮಿಳಿನ ಜೊತೆ ಕನ್ನಡ, ತೆಲುಗಿನಲ್ಲೂ ಸಿಗಲಿ. ಇಲ್ಲಿ ಒಂದೇ ಬೀದಿಯಲ್ಲಿ ಮೂರೂ ಭಾಷೆ ಚೌಕಾಸಿ ಮಾಡುತ್ತವೆ. ಓದಲಾಗದ ಷರತ್ತಿಗೆ ಹೆಬ್ಬೆಟ್ಟು ಒತ್ತಿದವರು ಅದನ್ನು ಪಾಲಿಸುವುದಾದರೂ ಹೇಗೆ?

2019ರಲ್ಲಿ ಹೊಸೂರು ಮಹಾನಗರ ಪಾಲಿಕೆಯಾಯಿತು, ಆದರೆ ಇಲ್ಲಿ ದುಡಿಯುವವರ ಅಗತ್ಯ ಬದಲಾಗಿಲ್ಲ. ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳ ಪಾಳಿ ಮುಗಿಸಿ ಬಂದವರು ಬಸ್ಸಿಳಿದು ಮೊದಲು ಹುಡುಕುವುದು ಒಂದು ಲೋಟ ಮಜ್ಜಿಗೆ, ಕೂರಲು ಒಂದಿಷ್ಟು ನೆರಳು. ಅದನ್ನು ಕಡಿಮೆ ಬೆಲೆಗೆ ಕೊಡುತ್ತಿರುವವರು ನಾವು.

ತಾವು ದಯವಿಟ್ಟು ಈ ಮನವಿಯನ್ನು ಪಟ್ಟಣ ವ್ಯಾಪಾರ ಸಮಿತಿಯ ಮುಂದಿಟ್ಟು, ಪಾಲಿಕೆ, ಸಂಚಾರ ಪೊಲೀಸ್ ಮತ್ತು ನಮ್ಮ ಪ್ರತಿನಿಧಿಗಳು ಸೇರಿ ಜಂಟಿಯಾಗಿ ಸ್ಥಳ ಪರಿಶೀಲಿಸಲು ಒಂದು ದಿನ ಗೊತ್ತುಮಾಡಬೇಕು. ಅಳತೆಯ ಟೇಪು, ಸುಣ್ಣದ ಪುಡಿ ನಾವೇ ತರುತ್ತೇವೆ. ಅವರೆಕಾಯಿ ಬರುವ ಮುನ್ನ, ಅಂದರೆ ನವೆಂಬರ್ ಮುಗಿಯುವುದರೊಳಗೆ, ಮೊದಲ ಅನುಮತಿ ಪತ್ರ ನಮ್ಮ ಕೈ ಸೇರುವಂತೆ ಆದೇಶಿಸಬೇಕೆಂದು ಪ್ರಾರ್ಥಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಅವಲಪಲ್ಲಿಯ ವ್ಯಾಪಾರಿಗಳು
(ಸಹಿ ಮತ್ತು ಹೆಬ್ಬೆಟ್ಟಿನ ಗುರುತುಗಳ ಹಾಳೆ ಲಗತ್ತಿಸಿದೆ)